ಕೊನೆಯ ಸಾಲಿಗೊಂದು ಲೆನ್ಸ್

ಅತ್ತೆ, ಸೊಸೆ ಒಂದೇ ನಾಟಕದಲ್ಲಿ ಕೆಲಸ ಮಾಡಬಾರದು ಎಂದು ಯಾರೂ ಗಾದೆ ಕಟ್ಟಿಲ್ಲ. ಕಟ್ಟಬೇಕಿತ್ತು ಎಂದು ಆ ಸಂಜೆ ಸೊಸೆಗೆ ಅನಿಸಿತು. ರಿಹರ್ಸಲ್ ಶುರುವಾಗಿ ಹತ್ತು ನಿಮಿಷವಾಗಿರಲಿಲ್ಲ. ರಂಗದ ನಡುವೆ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಮಾತು ನಿಲ್ಲಿಸಿ, ಹಣೆಗೆ ಕೈ ಅಡ್ಡ ಹಿಡಿದು, ಮುಂದಿನ ಸಾಲಿನತ್ತ ನೋಡಿದರು.

"ನೀನು ಅಲ್ಲಿ ಕೂತ್ರೆ ನನಗೆ ಮಾತು ಬರಲ್ಲ ಕಣೇ. ಹಿಂದೆ ಹೋಗು."

"ಎಷ್ಟು ಹಿಂದೆ ಅತ್ತೆ?" ಎಂದಳು ಸೊಸೆ, ಕ್ಯಾಮೆರಾದ ಹಿಂದಿನಿಂದ ಮುಖ ತೆಗೆಯದೆ.

ಅತ್ತೆ ಉತ್ತರ ಕೊಡಲಿಲ್ಲ. ನಿರ್ದೇಶಕರೇ ನಡುವೆ ಬಂದು, "ಕೊನೇ ಸಾಲಿಗೆ ಹೋಗಿಬಿಡಮ್ಮ, ಎಲ್ರಿಗೂ ನೆಮ್ಮದಿ," ಎಂದರು.

ಸೊಸೆಗೆ ಮನೆಯ ಕೆಳಗೇ ಒಂದು ಸ್ಟುಡಿಯೋ ಇತ್ತು. ಪಾಸ್‌ಪೋರ್ಟ್ ಫೋಟೋ, ಗುರುತಿನ ಚೀಟಿಯ ಫೋಟೋ, ಹಳೆಯ ಚಿತ್ರಗಳ ರಿಪೇರಿ, ಇಷ್ಟೇ ದಿನನಿತ್ಯದ ಕೆಲಸ. ಅತ್ತೆ ಮೂವತ್ತೈದು ವರ್ಷದಿಂದ ನಟಿಸುತ್ತಿದ್ದ ತಂಡ ಈ ಸಲ ದೊಡ್ಡದಾಗಿ ನಾಟಕ ಆಡಬೇಕೆಂದುಕೊಂಡು, ಸಭಾಂಗಣದ ಬಾಗಿಲಲ್ಲಿ ಹಾಕುವ ಬೋರ್ಡಿಗೂ ಒಂದು ಪುಸ್ತಕಕ್ಕೂ ಫೋಟೋ ತೆಗೆಯುವ ಕೆಲಸವನ್ನು ಅವಳಿಗೆ ವಹಿಸಿತ್ತು. ಫ್ಲ್ಯಾಷ್ ಮಾತ್ರ ಹಾಕುವಂತಿರಲಿಲ್ಲ. ಅವಳ ಹತ್ತಿರ ಇದ್ದದ್ದು ಒಳ್ಳೆಯ ಫುಲ್ ಫ್ರೇಮ್ ಕ್ಯಾಮೆರಾ, ಆದರೆ ಲೆನ್ಸ್ ಮಾತ್ರ ಹತ್ತಿರದ ಕೆಲಸದ್ದು. ಕೊನೆಯ ಸಾಲಿನಿಂದ ತೆಗೆದ ಚಿತ್ರದಲ್ಲಿ ಅತ್ತೆ ಹೆಬ್ಬೆರಳಿನಷ್ಟಿದ್ದರು, ಪಕ್ಕದ ಕಿಟಕಿಯ ಪರದೆಯೇ ಅವರಿಗಿಂತ ದೊಡ್ಡ ಪಾತ್ರದಂತೆ ಕಾಣುತ್ತಿತ್ತು.

"ದೂರದ ಲೆನ್ಸ್ ಬೇಕು," ಎಂದಳು ಊಟಕ್ಕೆ ಕೂತಾಗ ಗಂಡನಿಗೆ. "ಅದೂ ಬಾಯಿ ಅಗಲ ತೆರೆಯೋದು. ಕತ್ತಲಲ್ಲೂ ಬೆಳಕು ಹಿಡೀಬೇಕು."

ಗಂಡ ಲಿಫ್ಟ್ ಮೆಕ್ಯಾನಿಕ್. ಪ್ರಪಂಚದಲ್ಲಿ ಯಾವ ವಸ್ತುವಿನ ಸುದ್ದಿ ಬಂದರೂ ಮೊದಲು ಅದರ ತೂಕ ಕೇಳುವ ಮನುಷ್ಯ. "ಎಷ್ಟು ಕೆಜಿ?" ಎಂದ. ಆಮೇಲೆ ದನಿ ತಗ್ಗಿಸಿ, "ಬಾಯಿ ಅಗಲ ತೆರೆಯೋರಿಗೆ ನಮ್ಮನೇಲಿ ಬರ ಇಲ್ವಲ್ಲ," ಎಂದು ಅಮ್ಮನ ಕಡೆ ನೋಡಿದ. ಅತ್ತೆ ತಲೆ ತಗ್ಗಿಸಿ ಊಟ ಮಾಡುತ್ತಲೇ ಇದ್ದರು. ಇಂಥ ಮಾತಿಗೆ ಅವರು ಸುಮ್ಮನಿರುವವರಲ್ಲ. ಮುನಿಸಿರಬೇಕು ಎಂದುಕೊಂಡರು ಇಬ್ಬರೂ.

ಮರುದಿನ ಸೊಸೆ ಕ್ಯಾಮೆರಾ ರಿಪೇರಿಯವರ ಅಂಗಡಿಗೆ ಹೋದಳು. ಕಿರಿದಾದ ಮೆಟ್ಟಿಲು ಹತ್ತಿದರೆ ಒಂದೇ ಕೋಣೆ. ಗೋಡೆಯುದ್ದಕ್ಕೂ ಗಾಜಿನ ಕಪಾಟು, ಮೇಜಿನ ಮೇಲೆ ಬೆಳಕಿನ ಕೆಳಗೆ ಬಿಚ್ಚಿಟ್ಟ ಲೆನ್ಸಿನ ಭಾಗಗಳು. ರಿಪೇರಿಯವರು ಮಾರುತ್ತಿದ್ದರು, ಕೊಳ್ಳುತ್ತಿದ್ದರು, ನಂಬಿಕೆಯಿದ್ದವರಿಗೆ ಒಂದೊಂದು ದಿನ ಕೊಟ್ಟೂ ಕಳಿಸುತ್ತಿದ್ದರು.

"ನಿಮ್ಮ ಕ್ಯಾಮೆರಾ ಮಾಡಿದವರದೇ ಹೊಸದು ಇದೆ," ಎಂದು ಕಪಾಟಿನ ಮೇಲಿನ ಸಾಲನ್ನು ತೋರಿಸಿದರು. "ಎಪ್ಪತ್ತರಿಂದ ಇನ್ನೂರು ಮಿಲಿಮೀಟರ್‌ವರೆಗೆ ಎಳೆಯುತ್ತೆ, ಬಾಯಿಯ ಅಳತೆ ಎರಡು ಪಾಯಿಂಟ್ ಎಂಟು. ಬೆಣ್ಣೆ ಇದ್ದ ಹಾಗೆ."

ಅವಳು ಬೆಲೆ ಕೇಳಿ, ಲೆನ್ಸನ್ನು ಮುಟ್ಟದೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಹಾಸಿಗೆ ಎಷ್ಟಿದೆ ಹೇಳಿ, ಕಾಲು ಅಷ್ಟೇ ಚಾಚೋಣ," ಎಂದು ನಕ್ಕು, ಅವರು ಮೂರು ಲೆನ್ಸುಗಳನ್ನು ಮೇಜಿನ ಮೇಲಿಟ್ಟರು. ಮೊದಲನೆಯದು ಅದೇ ಕಂಪನಿಯದು, ಸಣ್ಣದು, ಆದರೆ ಬಾಯಿ ನಾಲ್ಕರಷ್ಟೇ ತೆರೆಯುವಂಥದ್ದು; ಈ ಅಂಕಿ ಹೆಚ್ಚಿದಷ್ಟೂ ಬಾಯಿ ಕಿರಿದು. ಎರಡು ಪಾಯಿಂಟ್ ಎಂಟಕ್ಕೆ ಹೋಲಿಸಿದರೆ ಅರ್ಧದಷ್ಟೇ ಬೆಳಕು. ಎರಡನೆಯದು ಹಳೆಯ ಕಾಲದ ಎರಡು ಪಾಯಿಂಟ್ ಎಂಟು, ಕಬ್ಬಿಣದ ತುಂಡಿನಂತೆ ಭಾರ, ಈಗಿನ ಕ್ಯಾಮೆರಾಕ್ಕೆ ಕೂರಿಸಲು ನಡುವೆ ಒಂದು ಅಡಾಪ್ಟರ್ ಬೇಕು. ಮೂರನೆಯದು ಬೇರೆ ಕಂಪನಿಯದು, ಒಬ್ಬರು ಬಳಸಿದ್ದು. ಅದೂ ಎರಡು ಪಾಯಿಂಟ್ ಎಂಟೇ, ಹಗುರ, ಆದರೆ ನೂರಾ ಎಂಬತ್ತು ಮಿಲಿಮೀಟರ್‌ಗೇ ನಿಲ್ಲುತ್ತದೆ. ಅದರ ಮುಂಭಾಗದ ಉಂಗುರ ಎಲ್ಲೋ ಬಿದ್ದು ಸ್ವಲ್ಪ ನೆಗ್ಗಿತ್ತು.

"ಅಂಗಡೀಲಿ ನೋಡಿ ತಗೋಬೇಡಿ," ಎಂದರು. "ಇಲ್ಲಿ ಎಲ್ಲಾ ಲೆನ್ಸೂ ಚೆನ್ನಾಗೇ ಕಾಣುತ್ತೆ. ಒಂದೊಂದು ದಿನ ಒಂದೊಂದು ಒಯ್ಯಿರಿ, ನಿಮ್ಮ ಆ ಕತ್ತಲಲ್ಲೇ ನೋಡಿ."

ಮೊದಲ ಸಂಜೆ ನಾಲ್ಕರ ಲೆನ್ಸಿನ ಸರದಿ. ಕೈಗೆ ಹಿತವಾಗಿತ್ತು, ಮುಖ ಹತ್ತಿರ ಬಂದಿತ್ತು. ಆದರೆ ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ, ನೆರಳಿದ್ದ ಕಡೆಯೆಲ್ಲ ರವೆ ಚೆಲ್ಲಿದ ಹಾಗೆ ಕಾಳುಕಾಳು. ಕಾಳು ಕಡಿಮೆ ಮಾಡಲು ಶಟರ್ ನಿಧಾನ ಮಾಡಿದ್ದ ಚಿತ್ರಗಳಲ್ಲಿ ಅತ್ತೆಯ ಕೈ ಹೊಗೆಯಾಗಿತ್ತು. ಅತ್ತೆಯ ನಟನೆಯೆಲ್ಲ ಕೈಯಲ್ಲೇ. ಅದನ್ನು ಹೊಗೆ ಮಾಡಿ ಬೋರ್ಡಿಗೆ ಹಾಕುವಂತಿರಲಿಲ್ಲ.

ಎರಡನೆಯ ಸಂಜೆ ಭಾರದ್ದು. ಅರ್ಧ ಗಂಟೆಯಲ್ಲಿ ಎಡ ಮಣಿಕಟ್ಟು ಮರಗಟ್ಟಿತು. ಫೋಕಸ್ ಕತ್ತಲಲ್ಲಿ ದಾರಿ ತಪ್ಪಿದವರಂತೆ ಹಿಂದೆ ಮುಂದೆ ಹುಡುಕಾಡುತ್ತಿತ್ತು. ಸಿಕ್ಕ ಚಿತ್ರಗಳು ಮಾತ್ರ ಬೆಳಕಿನಿಂದ ತುಂಬಿ ಸೊಗಸಾಗಿದ್ದವು. ಆದರೂ ಏನೋ ಸರಿಯಿರಲಿಲ್ಲ. ಅತ್ತೆಯ ಕಣ್ಣು ಎದುರಿಗಿದ್ದ ನಟನ ಕಣ್ಣನ್ನು ಸೇರುತ್ತಲೇ ಇರಲಿಲ್ಲ. ಒಂದರಲ್ಲಿ ಹೀಗಾದರೆ ಇರಲಿ, ನಲವತ್ತರಲ್ಲೂ ಹೀಗೇ.

ಬೆಳಗ್ಗೆ ಅದನ್ನು ರಿಪೇರಿಯವರ ಮುಂದಿಟ್ಟಳು. "ಇದರ ಫೋಕಸ್ ಕೆಟ್ಟಿದೆ ಅಂತ ಕಾಣುತ್ತೆ. ಕಣ್ಣು ಎಲ್ಲೋ ತಪ್ಪಿ ಹೋಗಿದೆ."

ಅವರು ಕನ್ನಡಕ ಏರಿಸಿ, ಚಿತ್ರವನ್ನು ರೆಪ್ಪೆಗೂದಲು ಎಣಿಸುವಷ್ಟು ದೊಡ್ಡದು ಮಾಡಿದರು. "ಫೋಕಸ್ ಕೂದಲೆಳೆಯಷ್ಟೂ ತಪ್ಪಿಲ್ಲಮ್ಮ. ಇವರ ನೋಟಾನೇ ಕೆಳಗಿದೆ. ಎದುರಿಗಿರೋರ ಬಾಯಿ ನೋಡ್ತಿದ್ದಾರೆ."

ಸೊಸೆ ಮೂರನೆಯ ಲೆನ್ಸನ್ನು ಚೀಲಕ್ಕೆ ಹಾಕಿಕೊಂಡಳು.

ಆ ಸಂಜೆ ಅವಳು ಲೆನ್ಸನ್ನು ಪರೀಕ್ಷಿಸುವುದನ್ನು ಮರೆತಳು. ಹಗುರವಾದ ಲೆನ್ಸು ತನ್ನ ಪಾಡಿಗೆ ತಾನು ಅತ್ತೆಯ ಕಣ್ಣನ್ನು ಹಿಡಿದು ಕೂತಿತ್ತು, ಬಿಡಲಿಲ್ಲ. ನಾಟಕದಲ್ಲಿ ತಾಯಿ ಮಗ ಇಬ್ಬರೇ, ಒಂದು ಹೊಲಿಗೆ ಅಂಗಡಿ. ಮಗನ ಪಾತ್ರ ಮಾಡುತ್ತಿದ್ದವರು ಹಗಲು ಬ್ಯಾಂಕಿನಲ್ಲಿ ಕ್ಯಾಷಿಯರ್. ಅವರು ಮಾತಾಡುವಷ್ಟು ಹೊತ್ತೂ ಅತ್ತೆಯ ನೋಟ ಅವರ ತುಟಿಯ ಮೇಲೆ. ಕೊನೆಯ ದೃಶ್ಯದಲ್ಲಿ ಮಗ ತಾಯಿಯ ಕುರ್ಚಿಯ ಹಿಂದೆ ನಿಂತು, ಗೋಡೆಯ ಕಡೆ ತಿರುಗಿ, "ಅಂಗಡಿ ಮಾರಿಬಿಟ್ಟೆ ಅಮ್ಮ," ಎನ್ನುತ್ತಾನೆ. ಆಗ ಅತ್ತೆಯ ಕಣ್ಣು ಸರ್ರನೆ ಮುಂದಿನ ಸಾಲಿಗೆ ಇಳಿಯಿತು. ಸೊಸೆ ಲೆನ್ಸನ್ನು ಅಲ್ಲಿಗೆ ತಿರುಗಿಸಿದಳು. ಅಲ್ಲಿ ಮರೆತ ಮಾತು ನೆನಪಿಸುವ ಪ್ರಾಂಪ್ಟರ್ ಮೇಷ್ಟ್ರು ತೊಡೆಯ ಮೇಲೆ ಹಸ್ತಪ್ರತಿ ಇಟ್ಟುಕೊಂಡಿದ್ದರು. ಪಕ್ಕಕ್ಕೆ ವಾಲಿದಾಗ ಆಡುತ್ತಿದ್ದ ಅವರ ಕೆನ್ನೆ ಕಂಡಿತು. ಯಾರು ಏನು ಮಾತಾಡಿದರೂ ಅದಕ್ಕೆ ತಕ್ಕಂತೆ ಸದ್ದಿಲ್ಲದೆ ತಾವೂ ತುಟಿಯಾಡಿಸುವುದು ಅವರ ಹಳೆಯ ಚಾಳಿ.

ಅತ್ತೆ ಹಿಂದೆ ಕಳಿಸಿದ ಆ ದಿನ ಅವಳು ಕೂತಿದ್ದದ್ದು ಸರಿಯಾಗಿ ಮೇಷ್ಟ್ರ ಮುಂದೆ, ನೆಲದ ಮೇಲೆ ಮಂಡಿಯೂರಿ, ಕ್ಯಾಮೆರಾ ಎತ್ತಿ ಹಿಡಿದು.

ಮನೆಗೆ ಬರುವ ದಾರಿಯಲ್ಲಿ ಒಂದೊಂದೇ ನೆನಪಾಯಿತು. ಅತ್ತೆ ದಿನದಿನಕ್ಕೂ ಏರಿಸುತ್ತಿದ್ದ ಟಿವಿಯ ದನಿ. ಹಾಲು ಉಕ್ಕುತ್ತಿದೆ ಎಂದು ಕೂಗಿದರೂ ಬಾರದಿದ್ದದ್ದು. ಜಗಳಗಂಟಿಯಾಗಿದ್ದ ಅತ್ತೆ ಈಚೆಗೆ ಎಷ್ಟೋ ಮಾತನ್ನು ಕಿವಿಗೆ ಹಾಕಿಕೊಳ್ಳದೆ ದೊಡ್ಡವರಾಗಿಬಿಟ್ಟರು ಎಂದು ತಾನು ಸಮಾಧಾನಪಟ್ಟದ್ದು. ಬೆನ್ನ ಹಿಂದೆ ನಿಂತು ಒಮ್ಮೆ ಕರೆದು ನೋಡಿದರೆ ಗೊತ್ತಾಗುತ್ತಿತ್ತು. ಹಾಗೆ ಪರೀಕ್ಷೆ ಮಾಡಲು ಮನಸ್ಸು ಒಪ್ಪಲಿಲ್ಲ.

ಮರುದಿನ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅತ್ತೆಯನ್ನು ಸ್ಟುಡಿಯೋಗೆ ಕರೆದು, ಕುರ್ಚಿ ಎಳೆದು ಎದುರುಬದುರಾಗಿ ಕೂತು ಚಿತ್ರಗಳನ್ನು ತೋರಿಸಿದಳು. ಅತ್ತೆ ಒಂದೊಂದನ್ನೇ ನೋಡಿದರು. ಎಂಟನೆಯದೋ ಒಂಬತ್ತನೆಯದೋ ಬಂದಾಗ ಕೈಯೆತ್ತಿ ಸಾಕು ಎಂದರು.

"ನಿನ್ನ ಗಂಡನಿಗೆ ಹೇಳಿದ್ಯಾ?"

"ಇಲ್ಲ. ನಿಮಗೇ ಮೊದಲು."

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತರು. "ಎರಡು ವರ್ಷ ಆಯ್ತು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ನಮ್ಮ ತಂಡದಲ್ಲಿ ಒಬ್ಬಳಿದ್ದಳು, ನನಗಿಂತ ದೊಡ್ಡ ನಟಿ. ಎರಡು ಸಲ ಮಾತು ತಪ್ಪಿದಳು ಅಂತ ಮೂಲೇಲಿ ಕೂರೋ ಅಜ್ಜಿ ಪಾತ್ರ ಕೊಟ್ರು. ಆಮೇಲೆ ಬಾಗಿಲಲ್ಲಿ ಟಿಕೆಟ್ ಹರಿಯೋಕೆ ಕೂರಿಸಿದ್ರು. ಮರ್ಯಾದೆಯಿಂದಲೇ ಕೂರಿಸಿದ್ರು, ಅದೇ ಕಷ್ಟ."

"ಪ್ರದರ್ಶನದ ದಿನ ಮೇಷ್ಟ್ರು ಮುಂದಿನ ಸಾಲಲ್ಲಿ ಇರಲ್ಲ ಅತ್ತೆ. ಪಕ್ಕದ ಪರದೆ ಹಿಂದೆ ಇರ್ತಾರೆ."

"ಗೊತ್ತು. ಒಂದು ವಾರದಿಂದ ಅದೇ ಯೋಚನೆ." ಬೆರಳಿಗೆ ಸುತ್ತಿದ್ದ ಸೆರಗು ಬಿಡಿಸಿ, "ನಿನ್ನನ್ನ ಎಲ್ಲರ ಮುಂದೆ ಎಬ್ಬಿಸಿ ಕಳಿಸಿದೆ. ಬೇಜಾರಾಯ್ತಾ?" ಎಂದರು.

"ಆಯ್ತು," ಎಂದಳು ಸೊಸೆ. "ಅದಕ್ಕೇ ಅಲ್ವಾ ಲೆನ್ಸ್ ಹುಡುಕೋಕೆ ಹೋಗಿದ್ದು."

ಅತ್ತೆ ನಕ್ಕರು. ಆ ಸಂಜೆ ರಿಹರ್ಸಲ್ಲಿಗೆ ಮುಂಚೆ ತಾವೇ ನಿರ್ದೇಶಕರ ಮುಂದೆ ನಿಂತು, ಬೇಕಾದವರಿಗೆಲ್ಲ ಕೇಳಿಸುವ ಹಾಗೆ ಹೇಳಿಬಿಟ್ಟರು. "ನನಗೆ ಕಿವಿ ಮಂದ. ಮುಖ ಕಂಡ್ರೆ ಮಾತು ಗೊತ್ತಾಗುತ್ತೆ. ಪಾತ್ರ ಬೇರೆಯವರಿಗೆ ಕೊಡೋದಾದ್ರೆ ಇವತ್ತೇ ಹೇಳಿ."

ನಿರ್ದೇಶಕರು ಬಹಳ ಹೊತ್ತು ಗಡ್ಡ ತುರಿಸಿಕೊಂಡರು. ನಾಟಕಕ್ಕೆ ಆರೇ ದಿನ ಉಳಿದಿತ್ತು. ಕೊನೆಗೆ ರಂಗ ಹತ್ತಿ, ಹಿಂದಿದ್ದ ಹೊಲಿಗೆ ಯಂತ್ರವನ್ನು ತಾವೇ ತಳ್ಳಿ ಕುರ್ಚಿಯ ಎದುರಿಗೆ ತಂದಿಟ್ಟರು. "ಇನ್ಮೇಲೆ ಮಗ ಇಲ್ಲೇ ಕೂತು ಹೇಳ್ತಾನೆ," ಎಂದರು. ಕ್ಯಾಷಿಯರ್‌ಗೆ ಇದು ಅಷ್ಟು ಹಿಡಿಸಲಿಲ್ಲ. ಗೋಡೆಗೆ ಮುಖ ಮಾಡಿ ಹೇಳುವ ಆ ಮಾತಿನ ಮೇಲೆ ಅವರಿಗೆ ಬಹಳ ಪ್ರೀತಿ. ಆದರೂ ಅತ್ತೆಯ ಮುಖ ನೋಡಿ ಒಪ್ಪಿಕೊಂಡರು.

ಸೊಸೆ ನೆಗ್ಗಿದ ಉಂಗುರದ ಲೆನ್ಸನ್ನೇ ಕೊಂಡಳು. ಇಪ್ಪತ್ತು ಮಿಲಿಮೀಟರ್ ಕಡಿಮೆಯಾದರೆ ಎರಡು ಸಾಲು ಮುಂದೆ ಕೂತರಾಯಿತು, ಆದರೆ ಇಲ್ಲದ ಬೆಳಕನ್ನು ಎಲ್ಲಿಂದಲೂ ತರುವಂತಿಲ್ಲ ಎಂಬುದು ಅವಳ ಲೆಕ್ಕ. "ಅಲುಗಾಟ ತಡೆಯೋದು ಇದರಲ್ಲಿ ಇಲ್ಲ," ಎಂದು ರಿಪೇರಿಯವರು ನೆನಪಿಸಿದರು. "ಕ್ಯಾಮೆರಾದೊಳಗೇ ಇದೆ," ಎಂದಳು. "ಅಲ್ಲದೆ ಅಲುಗೋದು ನನ್ನ ಕೈಯಲ್ಲ, ನಮ್ಮ ಅತ್ತೆ ಕೈ." ಮನೆಯಲ್ಲಿ ಗಂಡ ಅದನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿ, ಒಂದು ಕೆಜಿಯೂ ಇಲ್ಲವೆಂದು ತಲೆದೂಗಿದ.

ಮೊದಲ ಪ್ರದರ್ಶನದ ಸಂಜೆ ಸಭಾಂಗಣ ತುಂಬಿತ್ತು. ಸೊಸೆ ಹಿಂದಿನಿಂದ ಮೂರನೆಯ ಸಾಲಿನ ತುದಿಯಲ್ಲಿ ಕೂತಳು. ಶಟರಿನ ಸದ್ದು ನಿಲ್ಲಿಸಿ, ಲೆನ್ಸಿನ ಬಾಯಿ ಪೂರ್ತಿ ತೆರೆದಿಟ್ಟಳು. ಕೊನೆಯ ದೃಶ್ಯದವರೆಗೂ ಎಲ್ಲ ನೀರು ಹರಿದಂತೆ ಸಾಗಿತು.

ಆಮೇಲೆ ಕ್ಯಾಷಿಯರ್ ಎದ್ದರು. ಜನ, ಬೆಳಕು, ಎರಡು ತಿಂಗಳ ಅಭ್ಯಾಸ, ಯಾವುದು ಅವರನ್ನು ಎಳೆಯಿತೋ, ನೇರವಾಗಿ ಕುರ್ಚಿಯ ಹಿಂದೆ ಹೋಗಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು. "ಅಂಗಡಿ ಮಾರಿಬಿಟ್ಟೆ ಅಮ್ಮ."

ಅತ್ತೆ ಕದಲಲಿಲ್ಲ. ಲೆನ್ಸಿನೊಳಗೆ ಆ ಮುಖ ಸೊಸೆಗೆ ಒಂದು ಮಾರು ದೂರದಲ್ಲಿತ್ತು. ಕಣ್ಣು ಖಾಲಿ ಯಂತ್ರದ ಮೇಲೆ ನಿಂತಿತ್ತು, ಅಲ್ಲಿಂದ ಮುಂದಿನ ಸಾಲಿಗೆ ಬಂತು, ಅಲ್ಲಿ ಮೇಷ್ಟ್ರಿರಲಿಲ್ಲ. ಮೇಷ್ಟ್ರು ಪರದೆಯ ಹಿಂದಿನಿಂದ ಪಿಸುಗುಟ್ಟಿದ್ದು ಅರ್ಧ ಸಭಾಂಗಣಕ್ಕೆ ಕೇಳಿಸಿತು, ಅತ್ತೆಗೆ ಕೇಳಿಸಲಿಲ್ಲ. ಸೊಸೆ ಮೇಲೆದ್ದು ಕೈ ಬೀಸಲೇ ಎಂದುಕೊಂಡಳು.

ಅಷ್ಟರಲ್ಲಿ ಅತ್ತೆ ಎದ್ದರು. ಬರೆದ ನಾಟಕದಲ್ಲಿ ಆ ತಾಯಿ ಏಳುವುದೇ ಇಲ್ಲ. ಅವರು ಕುರ್ಚಿಯ ತೋಳು ಹಿಡಿದು, ನಿಧಾನವಾಗಿ ಸುತ್ತಿ ಹೋಗಿ, ಮಗನ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು.

"ಗೋಡೆಗೆ ಹೇಳಬೇಡ. ನನಗೆ ಹೇಳು."

ಕ್ಯಾಷಿಯರ್ ಬಾಯಿ ತೆರೆದರು. ತಾವು ಮಾಡಿದ ತಪ್ಪು ಆಗ ತಿಳಿದು ಕಣ್ಣು ತುಂಬಿ ಬಂತು. ಅದು ನಟನೆಯಲ್ಲ ಎಂದು ಸೊಸೆಗೆ ಗೊತ್ತಿತ್ತು, ಸಭೆಗೆ ಗೊತ್ತಿರಲಿಲ್ಲ. "ಅಂಗಡಿ... ಮಾರಿಬಿಟ್ಟೆ ಅಮ್ಮ," ಎಂದರು ಮುಖ ನೋಡಿಕೊಂಡೇ. ಅತ್ತೆ ಆ ತುಟಿಗಳಿಂದ ಒಂದೊಂದೇ ಮಾತನ್ನು ಎತ್ತಿಕೊಂಡು, ಕೊನೆಗೆ ಕಣ್ಣನ್ನು ಮೇಲಕ್ಕೆ ತಂದು ಅವರ ಕಣ್ಣಿನಲ್ಲಿಟ್ಟರು. ಸೊಸೆ ಗುಂಡಿ ಒತ್ತಿದಳು.

ಪರದೆ ಬಿದ್ದ ಮೇಲೆ ಕ್ಯಾಷಿಯರ್ ಅತ್ತೆಯ ಕಾಲ ಬಳಿ ಕೂತು ಕ್ಷಮೆ ಕೇಳುತ್ತಿದ್ದರು. ನಿರ್ದೇಶಕರು ಬಂದು ಅವರ ಹೆಗಲ ಮೇಲೆ ಕೈಯಿಟ್ಟರು. "ನಾಳೆಯಿಂದ ಹಾಗೇ ಇರಲಿ," ಎಂದರು. "ಗೋಡೆ ಕಡೆ ತಿರುಗು. ಅವರೇ ಬಂದು ತಿರುಗಿಸ್ಕೊಳ್ತಾರೆ." ಅತ್ತೆ ಅವರ ಬಾಯಿಯನ್ನೇ ನೋಡುತ್ತಾ, ಆಗಲಿ ಎಂದು ತಲೆಯಾಡಿಸಿದರು.

ಮರುದಿನ ಬೆಳಗ್ಗೆ ಸೊಸೆ ಬೋರ್ಡಿಗೆಂದು ಆ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಒಣಗಲು ಇಟ್ಟಿದ್ದಳು. ಅತ್ತೆ ಕೆಳಗಿಳಿದು ಬಂದು ಅದರ ಮುಂದೆ ನಿಂತರು. ಕೈಯ ಗೆರೆಗಳೆಲ್ಲ ಕಾಣುತ್ತಿದ್ದವು, ಗಲ್ಲವನ್ನು ಒತ್ತಿದ ಬೆರಳಿನ ಕೆಳಗಿನ ಗುಳಿಯೂ.

"ಇಷ್ಟು ಸುಕ್ಕು ಕಾಣಬೇಕಿತ್ತಾ?" ಎಂದರು.

"ಕಡಿಮೆ ಮಾಡ್ಲಾ?"

"ಬೇಡ ಬಿಡು. ಸಂಪಾದಿಸಿದ್ದು." ಹಾಗೆಂದು ಬಾಗಿಲ ಬಳಿಯಿದ್ದ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನೋಡಿದರು. ಕಿವಿಯ ಡಾಕ್ಟರು ಹತ್ತು ಗಂಟೆಗೆ ಬರಲು ಹೇಳಿದ್ದರು. ಗಂಡ ಅರ್ಧ ದಿನ ರಜೆ ಹಾಕಿ ಸ್ಕೂಟರ್ ಹೊರಗೆ ತೆಗೆಯುತ್ತಿದ್ದ. ಸೊಸೆ ಸ್ಟುಡಿಯೋಗೆ ಬೀಗ ಹಾಕಿ, ತಾನೂ ಬರುತ್ತೇನೆಂದು ಅತ್ತೆಯ ಎದುರಿಗೆ ಬಂದು ನಿಂತು ಹೇಳಿದಳು.