ಮುಟ್ಟುವವರೆಗೂ ನಿಂತಿರಬೇಕು

ಹೊಗೆ, ಮೊದಲು ಬರೀ ಹೊಗೆ, ಹಬೆಪಾತ್ರೆಯ ಮುಚ್ಚಳ ತೆಗೆದ ಹಾಗೆ, ಅದರೊಳಗಿಂದ ಹುಡುಗರು ಸಾಲುಸಾಲಾಗಿ ಬರುತ್ತಿದ್ದಾರೆ, ಅಂಗೈಯಗಲದ ಫೋನಿನಲ್ಲಿ ಎಲ್ಲರದೂ ಬಟಾಣಿ ಕಾಳಿನ ಗಾತ್ರ, ಬಟಾಣಿ ಬಣ್ಣ, ಒಂದೇ ಕ್ಷೌರ, ಯಾವ ತಾಯಿ ಯಾವ ಕಾಳನ್ನು ಆರಿಸಿಕೊಳ್ಳಬೇಕು — ನಾನು ಆರಿಸುತ್ತೇನೆ, ಮೂರನೆಯ ಸಾಲು, ತುದಿಯವನು, ಎಡಗಿವಿ ಸ್ವಲ್ಪ ಆಚೆ ಚಾಚಿದೆ, ಅದು ನನ್ನ ರುತಿಲಿಯೊ, ನೀನು ಹಿಂಡಿ ಹಿಂಡಿನೇ ಅದು ಹಂಗಾಗಿದ್ದು ಅಮ್ಮಾ ಅಂತ ಅವನ ದೂರು. ಮೈದಾನ ಇಲ್ಲಿಂದ ದೂರವೇನಿಲ್ಲ, ತಿಂಡಿ ಹೋಟೆಲಿನ ಮುಂದೆ ನಿಲ್ಲಿಸಿಕೊಂಡ ಗಾಡಿಯ ಕಿಟಕಿ ಇಳಿಸಿದರೆ ಬ್ಯಾಂಡು ಕಿವಿಗೆ ಬೀಳುತ್ತದೆ, ಆಮೇಲೆ ಅದೇ ಬ್ಯಾಂಡು ಫೋನಿನ ನೇರಪ್ರಸಾರದಲ್ಲಿ ತಡವಾಗಿ ಬರುತ್ತದೆ, ಅಮೆರಿಕದಲ್ಲಿ ನನಗೆ ಎಲ್ಲವೂ ಹೀಗೇ, ಆಗುವುದೆಲ್ಲ ಆದಮೇಲೆ ಸುದ್ದಿ. ಬೆಳಿಗ್ಗೆ ದಂಡಿನ ಗೇಟಿನಲ್ಲಿದ್ದ ಆ ಕಾವಲು ಹುಡುಗ, ರುತಿಗಿಂತ ಚಿಕ್ಕವನು, ಮೊಡವೆ ಕೂಡ ಮಾಗಿಲ್ಲ, ಮ್ಯಾಮ್, ಇದು ಮೆಕ್ಸಿಕೋ ಪಾಸ್‌ಪೋರ್ಟು, ಇಲ್ಲಿರೋದಕ್ಕೆ ಕೊಟ್ಟಿರೋ ಕಾರ್ಡು ತೋರಿಸಿ, ಅರ್ಜಿ ಹಾಕಿದ್ದೀನಪ್ಪಾ, ತಗೋ ರಸೀದಿ, ರಸೀದಿ ನಡೆಯಲ್ಲ ಮ್ಯಾಮ್, ನನ್ನ ಮಗ ಒಳಗಿದ್ದಾನೆ ಕಣಪ್ಪಾ, ಎಲ್ಲರ ಮಕ್ಕಳೂ ಒಳಗೇ ಇದ್ದಾರೆ ಮ್ಯಾಮ್, ಗಾಡಿ ತಿರುಗಿಸ್ಕೊಂಡು ಹೋಗಿಬಿಡಿ, ನಿಮ್ಮನ್ನ ನಾನು ನೋಡಿಲ್ಲ ಅಂದ್ಕೋತೀನಿ. ನೋಡಿಲ್ಲ ಅಂದುಕೊಳ್ಳುವುದು ಹೊಸದೇನಲ್ಲ, ರುತಿ ಹುಟ್ಟುವುದಕ್ಕೆ ಮೊದಲಿನಿಂದ ಈ ದೇಶ ಅದನ್ನೇ ಮಾಡುತ್ತಿದೆ, ಕೋಳಿ ಕಾರ್ಖಾನೆಯಲ್ಲಿ ನಾನು ಮೂಳೆ ಬಿಡಿಸಿಟ್ಟ ತೊಡೆ ಕಾಣುತ್ತದೆ, ಬಿಡಿಸಿದ ಕೈ ಕಾಣುವುದಿಲ್ಲ. ಆಮೇಲೆ ಕೊಮಾದ್ರೆ ಕ್ರೆಸೆನ್ಸಿಯಾ, ರುತಿಯ ಜ್ಞಾನಸ್ನಾನದಲ್ಲಿ ಅವನನ್ನು ಎತ್ತಿ ಹಿಡಿದವಳು, ಕಾರ್ಡು ಇರುವವಳು, ತನ್ನ ಕಾರಿನಲ್ಲಿ ನನ್ನ ಕಿರಿಮಗಳು ಸುಲೇಮಾಳನ್ನು ಕೂರಿಸಿಕೊಂಡು ಒಳಗೆ ಹೊರಟಳು, ಅಳ್ಬೇಡ್ವೇ ಕೊಮಾದ್ರೆ, ನಾನು ಮುಟ್ಟಿದ್ರೂ ಒಂದೇ ನೀನು ಮುಟ್ಟಿದ್ರೂ ಒಂದೇ, ನಾನೂ ಅವನಿಗೆ ಅರ್ಧ ತಾಯಿ ಅಲ್ವಾ, ಅರ್ಧ ಸಾಕೇನೇ ಅಂತ ಬಾಯಿಗೆ ಬಂತು, ಅವರ ಕಾರಿನ ಬಾಗಿಲು ನಾನೇ ಹಾಕಿದೆ. ಕೊಮಾದ್ರೆಯ ಕನ್ನಡಕ ಇಲ್ಲೇ ನನ್ನ ಗಾಡಿಯಲ್ಲಿ ಬಿದ್ದಿದೆ, ನನ್ನನ್ನೇ ನೋಡುತ್ತಿದೆ.

ಮುಟ್ಟಬೇಕು, ಅದೇ ಇಲ್ಲಿನ ಪದ್ಧತಿ, ತರಬೇತಿ ಮುಗಿದ ಹುಡುಗ ಮೈದಾನದಲ್ಲಿ ಕಲ್ಲಾಗಿ ನಿಂತಿರುತ್ತಾನೆ, ಮನೆಯವರು ಬಂದು ಹೆಗಲು ಮುಟ್ಟಿದ ಮೇಲೆಯೇ ಅವನು ಅಲ್ಲಾಡಬಹುದು, ಯಾರೂ ಇಲ್ಲದ ಅನಾಥರನ್ನು ಸಾರ್ಜೆಂಟನೇ ಬಂದು ಮುಟ್ಟುತ್ತಾನಂತೆ. ನೀನೇ ಬರ್ಬೇಕಮ್ಮಾ, ಬೇರೆ ಯಾರು ಮುಟ್ಟಿದ್ರೂ ಅಲ್ಲಾಡಲ್ಲ ನಾನು, ಭಾನುವಾರ ಫೋನಿನಲ್ಲಿ ನಗುತ್ತಲೇ ಹೇಳಿದ, ನಾನು ನಗಲಿಲ್ಲ, ನನಗೆ ಅವನು ಗೊತ್ತು. ಏಳು ವರ್ಷದವನಿದ್ದಾಗ ಟ್ರೈಲರ್ ಮನೆಗಳ ನಡುವೆ ಆಟ, ಒಬ್ಬ ಮುಟ್ಟಿದರೆ ಕಲ್ಲು, ಗೆಳೆಯ ಬಂದು ಮುಟ್ಟಿದರೆ ಜೀವ, ಸಂಜೆ ಬಟ್ಟೆ ತೆಗೆಯಲು ಹೋದರೆ ಗ್ಯಾಸ್ ಸಿಲಿಂಡರ್ ಪಕ್ಕ ಒಬ್ಬನೇ ನಿಂತಿದ್ದಾನೆ, ಮುಖದ ತುಂಬ ಸೊಳ್ಳೆ, ಚಡ್ಡಿ ಒದ್ದೆ, ಯಾಕೋ ಹಿಂಗೆ ನಿಂತಿದೀಯ, ಯಾರೂ ಬಂದು ಮುಟ್ಟಲಿಲ್ಲಮ್ಮಾ, ಎಲ್ಲರೂ ಊಟಕ್ಕೆ ಹೋದ್ರು. ಹೆಗಲು ಮುಟ್ಟಿದೆ, ಆಗಷ್ಟೇ ಅಳೋಕೆ ಶುರುಮಾಡಿದ, ಕಲ್ಲು ಅಳಬಾರದು ಅಂತ ತಡೆದುಕೊಂಡಿದ್ದನಂತೆ. ಮುಟ್ಟಬೇಡ ಅನ್ನುವುದನ್ನೂ ನಾನು ಇದೇ ದೇಶದಲ್ಲಿ ಕಲಿತೆ, ಅರ್ಜಿ ಬರೆದುಕೊಡುವ ದೊನ್ ಎಪಿಫಾನಿಯೊ, ಸುಳ್ಳಿಗೆ ಟೈ ಕಟ್ಟಿದ ಹಾಗಿದ್ದ ಮನುಷ್ಯ, ಸರ್ಕಾರದ ಒಂದು ಡಬ್ಬಿ ಹಾಲು ಮುಟ್ಟಿದ್ರೂ ನಿಮ್ಮ ಕಾಗದ ಮೈಲಿಗೆ ಆಗುತ್ತೆ ದೊನ್ಯಾ ಹೊರ್ತೆನ್ಸಿಯಾ, ಇವಳು ಸರ್ಕಾರಕ್ಕೆ ಹೊರೆ ಅಂತ ಷರಾ ಬರೀತಾರೆ, ಮುಗೀತು ಕಥೆ. ಹಾಲು ಮುಟ್ಟಲಿಲ್ಲ, ಮೊಟ್ಟೆ ಮುಟ್ಟಲಿಲ್ಲ, ಸುಲೇಮಾಗೆ ಉಬ್ಬಸ ಬಂದು ತುಟಿ ನೀಲಿಗಟ್ಟಿದರೂ ಸರ್ಕಾರದ ಔಷಧಿ ಮುಟ್ಟಲಿಲ್ಲ, ರುತಿ ಟಯರ್ ಅಂಗಡಿಯಲ್ಲಿ ಬೆವರಿ ಅವಳು ಬಾಯಿಗಿಟ್ಟು ಎಳೆಯುವ ಪಂಪು ತಂದ, ಈಗ ಚರ್ಚಿನ ಸಭಾಂಗಣದಲ್ಲಿ ಪುಕ್ಕಟೆ ಸಲಹೆ ಕೊಡುವ ವಕೀಲಮ್ಮ ಹೇಳುತ್ತಾಳೆ, ಹುಡುಗಿ ಇಲ್ಲೇ ಹುಟ್ಟಿದವಳಲ್ವೇನ್ರೀ, ಅವಳ ಪಾಲಿಂದು ಅವಳಿಗೆ, ತಗೋಬಹುದಿತ್ತು. ಬಹುದಿತ್ತು, ಎಷ್ಟು ನಯವಾದ ಮಾತು, ಚಾಕು ಹಾಕಿ ಮೇಲೆ ಬೆಣ್ಣೆ ಸವರಿದ ಹಾಗೆ, ಆ ನೀಲಿ ತುಟಿಯ ಹತ್ತಿರ ಹೋಗಿ ಹೇಳು ತಾಯಿ ಬಹುದಿತ್ತು ಅಂತ. ಸರ್ಕಾರದ ಹಾಲು ನಾನು ಮುಟ್ಟಬಾರದು, ನನ್ನ ಹಾಲು ಕುಡಿದವನನ್ನು ಸರ್ಕಾರ ಮುಟ್ಟಬಹುದು, ತಲೆ ಬೋಳಿಸಬಹುದು, ಬೆನ್ನಿಗೆ ಮೂಟೆ ಕಟ್ಟಿ ಕೆಸರಿನಲ್ಲಿ ಓಡಿಸಬಹುದು, ಹೊರೆ ಹೊರುವವನು ಅವನು, ಹೊರೆ ಅನ್ನಿಸಿಕೊಳ್ಳುವವಳು ನಾನು. ಸೇನೆಗೆ ಜನ ಸೇರಿಸುವ ಆ ಇನ್ನೊಬ್ಬ ಸಾರ್ಜೆಂಟ್ ನನ್ನ ಅಡುಗೆಮನೆಯಲ್ಲಿ ಕೂತು, ಇವನು ಸಹಿ ಹಾಕಲಿ ಸೆನ್ಯೋರಾ, ಆಮೇಲೆ ನಿಮ್ಮ ಅರ್ಜಿ ಹಾಕಿ, ಸೈನಿಕನ ತಾಯಿನ ಹೊರಗೆ ಹಾಕೋ ಧೈರ್ಯ ಯಾರಿಗಿದೆ, ಇನ್ನೊಂದು ಟಮಾಲೆ ಸಿಗುತ್ತಾ, ತಿಂದ, ಕಡುಬು ಸುತ್ತಿದ್ದ ಜೋಳದ ಸಿಪ್ಪೆಗಳನ್ನು ಮಾತ್ರ ತಟ್ಟೆಯಲ್ಲಿ ಬಿಟ್ಟ, ಮಗನನ್ನು ಎತ್ತಿಕೊಂಡು ಹೋದ. ಹೊರಗೆ ಹಾಕಲಿಲ್ಲ ನಿಜ, ಒಳಗೂ ಬಿಡಲಿಲ್ಲ. ಇದ್ದಲ್ಲೇ ಇರಲು ಅಪ್ಪಣೆ ಅಂತ ನನ್ನ ಅರ್ಜಿಯ ಹೆಸರು, ಇದ್ದಲ್ಲೇ ಇದ್ದೇನಲ್ಲ, ಕಾವು ಕೂತ ಕೋಳಿಗೆ ಕೂತ್ಕೋ ಅನ್ನುವುದಕ್ಕೆ ಎಷ್ಟು ಜನ ಸಾಹೇಬರ ಮೊಹರು ಬೇಕು. ರುತಿ ದೇಶಕ್ಕಾಗಿ ಸೇರಲಿಲ್ಲ, ನನಗಾಗಿ ಸೇರಿದ, ಈಗ ಅಲ್ಲಿ ಕಲ್ಲಾಗಿ ನಿಂತಿದ್ದಾನೆ, ನಾನು ಇಲ್ಲಿ ಕಿಟಕಿ ಇಳಿಸಿಕೊಂಡು ಬ್ಯಾಂಡು ಕೇಳುತ್ತಿದ್ದೇನೆ.

ಬ್ಯಾಂಡು ನಿಂತಿತು, ಈಗ ಫೋನಿನಲ್ಲೂ ನಿಂತಿತು, ಯಾರೋ ಮೈಕಿನಲ್ಲಿ, ಹೋಗಿ, ನಿಮ್ಮ ಮಕ್ಕಳನ್ನ ಕರ್ಕೊಳ್ಳಿ ಅಂದ, ಜನ ನುಗ್ಗಿದರು, ಹೂವಿನ ಟೋಪಿ, ತಳ್ಳುಗಾಡಿ, ಗಾಲಿಕುರ್ಚಿಯ ಅಜ್ಜಿ, ಮುಟ್ಟುತ್ತಾರೆ, ಕಲ್ಲು ಜೀವವಾಗುತ್ತದೆ, ಅಪ್ಪಿಕೊಳ್ಳುತ್ತದೆ — ಅಗೋ ಕೊಮಾದ್ರೆಯ ಹಳದಿ ಅಂಗಿ, ಅದರ ತುದಿ ಹಿಡಿದ ಸುಲೇಮಾ, ಪಾಪ ಅವಳ ಎತ್ತರಕ್ಕೆ ಬರೀ ಬೆಲ್ಟುಗಳು ಕಾಣುತ್ತವೆ, ಬಾರೇ, ಎಡಕ್ಕೆ ಬಾರೇ, ಎಡಕ್ಕೆ, ಅಲ್ಲಲ್ಲ, ಅದು ಎರಡನೆಯ ಸಾಲು, ಅವನ ಕಿವಿ ನೋಡೇ ಕುರುಡಿ, ಮುಟ್ಟಿಬಿಟ್ಟಳು. ಯಾರದೋ ಮಗನನ್ನು ಮುಟ್ಟಿ ಎದೆಗೆ ಒತ್ತಿಕೊಂಡು ಅಳುತ್ತಿದ್ದಾಳೆ, ಆ ಹುಡುಗನೂ ಅಪ್ಪಿಕೊಂಡಿದ್ದಾನೆ, ಇಷ್ಟು ವಾರ ಬೈಗುಳವನ್ನೇ ಉಂಡವನು ಯಾರು ಮುಟ್ಟಿದರೂ ಅಪ್ಪಿಕೊಳ್ಳುತ್ತಾನೆ, ಅವಳು ಅವನ ಮುಖ ನೋಡುವುದು ಯಾವಾಗ. ಫೋನ್ ಮಾಡಿ ಹೇಳೋಣವೆಂದರೆ ಇರುವುದು ಇದೊಂದೇ ಫೋನು, ಕರೆ ಹೋದರೆ ಚಿತ್ರ ಹೋಗುತ್ತದೆ, ಚಿತ್ರ ಹೋದರೆ ಅವನು ಹೋಗುತ್ತಾನೆ. ಮೈದಾನ ಖಾಲಿಯಾಗುತ್ತಿದೆ, ಎಲ್ಲರೂ ಊಟಕ್ಕೆ ಹೊರಟರು, ಮೂರನೆಯ ಸಾಲಿನ ತುದಿಯಲ್ಲಿ ಗ್ಯಾಸ್ ಸಿಲಿಂಡರ್ ಒಂದು ಇಲ್ಲ ಅಷ್ಟೇ, ನಿಂತಿದ್ದಾನೆ, ಕಣ್ಣು ನೇರ, ಕೈ ಬಿಗಿ, ಅಲ್ಲಾಡುವುದಿಲ್ಲ, ನನಗೆ ಗೊತ್ತಿತ್ತು. ದೂರದಿಂದ ಅಗಲ ಟೋಪಿಯ ಸಾರ್ಜೆಂಟ್ ನಡೆದು ಬರುತ್ತಿದ್ದಾನೆ, ಅನಾಥರನ್ನು ಮುಟ್ಟುವವನು, ಬರಬೇಡವೋ, ಅವನಿಗೆ ತಾಯಿ ಇದ್ದಾಳೆ, ಗೇಟಿನಾಚೆ ಇದ್ದಾಳೆ, ಕೈ ಎತ್ತಿದ, ಕೈ ಹೆಗಲ ಹತ್ತಿರ ಬಂತು — ಅವನಿಗಿಂತ ಮೊದಲು ನಾನು ಮುಟ್ಟಿದೆ, ಕೋಳಿಯ ಮೂಳೆ ಗೀರಿ ಗೀರಿ ಒರಟಾದ ಇದೇ ಬೆರಳಿನಿಂದ, ಗಾಜಿನ ಮೇಲೆ, ಸರಿಯಾಗಿ ಅವನ ಹೆಗಲಿಗೆ. ಚಿತ್ರ ನಿಂತಿತು. ಅವನ ಎದೆಯ ಮೇಲೆ ಎರಡು ಬಿಳಿ ಗೆರೆ ಮೂಡಿವೆ, ಚಿತ್ರ ತಡೆದಿದೆ ಅನ್ನುವ ಫೋನಿನ ಗುರುತು, ಮುಟ್ಟಿದರೆ ನಿಲ್ಲುವ ಆಟ ಇದು, ಇನ್ನೊಮ್ಮೆ ಮುಟ್ಟಿದರೆ ಓಡುತ್ತದೆ, ಓಡಿದರೆ ಆ ಕೈ ಇಳಿಯುತ್ತದೆ. ಮೈದಾನದಲ್ಲಿ ಅದು ಆಗಲೇ ಇಳಿದಿರಬಹುದು, ಇಲ್ಲಿ ಇಳಿದಿಲ್ಲ, ಇಲ್ಲಿ ಹೆಗಲಿಗೂ ಕೈಗೂ ನಡುವೆ ನನ್ನ ಬೆರಳಿನಷ್ಟು ಜಾಗ ಇದೆ, ಅವನು ನಿಂತಿದ್ದಾನೆ, ನಾನು ಮುಟ್ಟಲಿ ಅಂತ ನಿಂತಿದ್ದಾನೆ, ನಾನು ಮುಟ್ಟುವುದಿಲ್ಲ, ಹೆಗಲು, ಕೈ, ನಡುವೆ ಬೆರಳಿನಷ್ಟು ಜಾಗ, ನಿಂತಿದ್ದಾನೆ