ದುಂಬಿ ಬಾರದ ಮ್ಯಾಟಿನಿ

ತೀರಿಕೊಂಡವನು ಬಾಯಿಬಿಟ್ಟು ಹೇಳದ ಸಂಗತಿಯನ್ನು ಇನ್ನೊಬ್ಬರು ಹೇಳಹೊರಡುವುದು ಅಧಿಕಪ್ರಸಂಗವೇ. ಎಲ್ಲಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಹೊಲಿಗೆ ಯಂತ್ರವನ್ನು ಗೋಡೆಯ ಬದಿಗೆ ಎಳೆಯುವಾಗ ಅದರ ಮೋಟಾರಿನ ವೈರು ಕುರ್ಚಿಯ ಕಾಲಿಗೆ ಸುತ್ತಿಕೊಂಡಿತು. ಹೆಂಡತಿ ಬಗ್ಗಿ ಅದನ್ನು ಬಿಡಿಸತೊಡಗಿದಳು. ಇದ್ದದ್ದು ಒಂದೇ ದೊಡ್ಡ ಕೋಣೆ. ಯಂತ್ರ ಸರಿದರಷ್ಟೇ ಗಂಡನನ್ನು ಮಲಗಿಸಲು ಜಾಗ. "ಅತ್ತಿಗೆ, ನೀವು ಬಿಡಿ, ನಾವು ಮಾಡ್ತೀವಿ" ಎಂದು ನಾದಿನಿ ಭುಜ ಹಿಡಿದರೂ ಅವಳು ಬಿಡಲಿಲ್ಲ. ಸೂಜಿಯ ಕೆಳಗೆ ಯಾರದೋ ಅಂಗಿಯ ತೋಳು, ಅರ್ಧ ಹೊಲಿದದ್ದು, ಇನ್ನೂ ಸಿಕ್ಕಿಕೊಂಡಿತ್ತು. ನಿನ್ನೆ ಮಧ್ಯಾಹ್ನ ಟಾಕೀಸಿನ ಕಡೆಯಿಂದ ಯಾರೋ ಓಡಿಬಂದು ಕೂಗಿದಾಗ ಪೆಡಲಿನಿಂದ ಕಾಲು ತೆಗೆದವಳು ಮತ್ತೆ ಅದರ ಹತ್ತಿರ ಸುಳಿದಿರಲಿಲ್ಲ.

ಬೆಳಿಗ್ಗೆ ಚಹಾ ಆರಿಹೋಗಿದೆ ಎಂದು ಗೊಣಗಿ ಹೋದ ಮನುಷ್ಯ. ಮ್ಯಾಟಿನಿಯ ಇಂಟರ್ವಲ್ ಮುಗಿದು ಜನ ಒಳಗೆ ನುಗ್ಗುವಾಗ ಬಾಗಿಲಿನ ದಪ್ಪ ಪರದೆಯನ್ನು ಸರಿಸಿ ಹಿಡಿದು ನಿಂತಿದ್ದ. ಹಿಡಿದ ಪರದೆಯ ಸಮೇತ ಕುಸಿದ. ಜನ ಕಾಲು ಜಾರಿತೆಂದುಕೊಂಡು ನಕ್ಕರಂತೆ. ಈಗ ಅವನನ್ನು ನೋಡಲು ಬಂದವರಿಗೂ ನಂಬಿಕೆ ಹುಟ್ಟುತ್ತಿರಲಿಲ್ಲ. ಬಾಗಿಲಲ್ಲಿ ಒಂದು ಕ್ಷಣ ನಿಂತು, ಎದ್ದು ಕೂರುತ್ತಾನೇನೋ ಎಂಬಂತೆ ದಿಟ್ಟಿಸಿ, ಆಮೇಲೆ ಒಳಗೆ ಬರುತ್ತಿದ್ದರು.

ಟಾಕೀಸಿನ ಮಾಲೀಕರು ಹೂವಿನ ಹಾರ ಹಿಡಿದು ಬಂದರು. ಹಾಕಿದ ಮೇಲೂ ಹೋಗದೆ ಅವಳ ಮುಂದೆ ನಿಂತರು.

"ನನ್ನ ಮೇಲೆ ಬೇಜಾರಿತ್ತೇನಮ್ಮಾ ಅವನಿಗೆ?"

"ಮನೇಲಿ ಏನೂ ಹೇಳ್ತಿರ್ಲಿಲ್ಲ, ಸರ್."

"ಆವತ್ತು ನಾನು ಆ ಮಾತು ಆಡಬಾರದಿತ್ತು" ಎಂದರು ಮಾಲೀಕರು. ಯಾವ ಮಾತು ಎಂದು ಅವಳು ಕೇಳಲಿಲ್ಲ. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು.

*

ಅವನನ್ನು ಎಲ್ಲರೂ ಸೌಂಡಣ್ಣ ಎನ್ನುತ್ತಿದ್ದರು. ಟಾಕೀಸಿನ ಸೌಂಡ್ ಪೂರ್ತಿ ಅವನ ಕೈಯಲ್ಲಿತ್ತು. ಸಿನಿಮಾ ಪರದೆಯ ಹಿಂದಿನ ಸ್ಪೀಕರುಗಳಿಗೆ ತಾನು ಸೇರಿದ ಹೊಸದರಲ್ಲಿ ತಾನೇ ವೈರು ಎಳೆದಿದ್ದ. ಹಿಂಗೋಡೆಯ ಎದುರಿಗಿರುವ ಈ ಮನೆಗೂ ಟಾಕೀಸಿನ ಬೋರ್ಡಿನಿಂದಲೇ ಕರೆಂಟು ತಂದುಕೊಂಡಿದ್ದ.

ದುಂಬಿ ಬಂದದ್ದು ಆಮೇಲೆ. ಚಿತ್ರ ಓಡುತ್ತಿರುವಾಗ ನಡುನಡುವೆ ಸ್ಪೀಕರಿನಿಂದ ಜುಂಯ್ ಎಂದು ಒಂದು ಸದ್ದು. ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಹೆಚ್ಚಾಗಿ ಮ್ಯಾಟಿನಿಯಲ್ಲಿ, ರಾತ್ರಿಯ ಆಟದಲ್ಲಿ ಪತ್ತೆಯೇ ಇಲ್ಲ. ನಾಯಕಿ ಕಣ್ಣೀರಿಡುವಾಗಲೇ ಅದು ಶುರುವಾದರೆ, ದುಂಬಿಗೆ ಟಿಕೆಟ್ ಕೊಟ್ಟೋರ್ಯಾರು ಎಂದು ಹಿಂದಿನ ಸಾಲಿನವರು ಸಿಳ್ಳೆ ಹೊಡೆಯುತ್ತಿದ್ದರು.

ಸೌಂಡಣ್ಣ ಹುಡುಕಿದ. ಎಡದ ಸ್ಪೀಕರಿನ ವೈರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ನೋಡಿದ. ಪ್ಲಗ್ಗುಗಳನ್ನೆಲ್ಲ ಸ್ಪಿರಿಟ್ಟಿನಿಂದ ಒರೆಸಿದ. ಅರ್ಥಿಂಗ್ ಗುಂಡಿ ಅಗೆದು ಹೊಸ ಪೈಪು ನೆಟ್ಟ. ಫ್ಯಾನು, ಟ್ಯೂಬ್‌ಲೈಟು, ಕ್ಯಾಂಟೀನಿನ ಫ್ರಿಜ್ಜು, ಒಂದೊಂದನ್ನೇ ಆರಿಸಿ ನೋಡಿದ. ಪ್ರೊಜೆಕ್ಟರ್ ಆಪರೇಟರ್ ಮೇಲಿನ ರೂಮಿನಲ್ಲಿ ಒಂದೊಂದೇ ಪ್ಲಗ್ಗು ಕೀಳುವಾಗ ಇವನು ಪರದೆಯ ಕೆಳಗೆ ನಿಂತು ಕೈ ಎತ್ತುತ್ತಿದ್ದ: ಕೈ ಮೇಲಿದ್ದರೆ ಸದ್ದಿದೆ, ಇಳಿದರೆ ನಿಂತಿದೆ. ಬೆಳಗಿನ ಖಾಲಿ ಹಾಲಿನಲ್ಲಿ ಆ ಕೈ ಏಳುತ್ತಲೇ ಇರಲಿಲ್ಲ.

ಮಾಲೀಕರು ಹೊರಗಿನಿಂದ ಎಂಜಿನಿಯರುಗಳನ್ನು ಕರೆಸಿದರು. ಅವರು ಬಂದಾಗಲೆಲ್ಲ ಚಹಾ ಮಾಡಿಕೊಡುವುದು ಹೆಂಡತಿಯ ಪಾಲಿಗೆ ಬರುತ್ತಿತ್ತು. ಕೈಯಲ್ಲಿದ್ದ ಹೊಲಿಗೆ ಬಿಟ್ಟು, ಒಲೆ ಹಚ್ಚಿ, ಲೋಟಗಳನ್ನು ತಟ್ಟೆಯಲ್ಲಿಟ್ಟು ತಾನೇ ಒಯ್ದು ಕೊಟ್ಟು ಬರುತ್ತಿದ್ದಳು. ಅವರು ಕುಡಿದು, ಕಿವಿಗೊಟ್ಟು, ಏನೂ ಇಲ್ಲವಲ್ಲ ಎಂದು ಹೋಗುತ್ತಿದ್ದರು. ಅವರ ಗಾಡಿ ತಿರುವು ದಾಟುವಷ್ಟರಲ್ಲಿ ದುಂಬಿ ಹಾಜರ್.

ಕೊನೆಗೊಂದು ದಿನ ಮಾಲೀಕರು ಎಲ್ಲರೆದುರು ಹೇಳಿದರು: "ದುಂಬಿ ಬಾಗಿಲಿಂದ ಬರ್ತಿರಬೇಕು ಕಣಯ್ಯಾ. ನಾಳೆಯಿಂದ ಅಲ್ಲೇ ನಿಂತು ಹಿಡ್ಕೊ."

ಮಾರನೆಯ ದಿನದಿಂದ ಸೌಂಡಣ್ಣ ಟಿಕೆಟ್ ಹರಿಯತೊಡಗಿದ.

*

ಮಣ್ಣು ಮುಗಿಸಿ ಬಂದವರು ಕೈಕಾಲು ತೊಳೆದು ಒಬ್ಬೊಬ್ಬರಾಗಿ ಹೊರಟರು. ಮಗಳು, ನಾದಿನಿ ಉಳಿದರು. ಕೋಣೆ ಇದ್ದಕ್ಕಿದ್ದಂತೆ ದೊಡ್ಡದಾಗಿತ್ತು. ಹೊಸ ಚಿತ್ರದ ಟಿಕೆಟ್ಟುಗಳು ಮೊದಲೇ ಮಾರಾಟವಾಗಿದ್ದರಿಂದ ಮಾಲೀಕರು ಮ್ಯಾಟಿನಿ ನಿಲ್ಲಿಸಿರಲಿಲ್ಲ. ಆಪರೇಟರ್ ಸ್ಮಶಾನದಿಂದ ನೇರವಾಗಿ ಕೆಲಸಕ್ಕೆ ಹೋಗಿದ್ದ. ಆಟ ಬಿಟ್ಟ ಮೇಲೆ ಬಂದು ಹೊಸ್ತಿಲ ಹತ್ತಿರ ಕೂತ.

"ಅಕ್ಕಾ, ಇವತ್ತು ದುಂಬಿ ಬರ್ಲೇ ಇಲ್ಲ."

ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ.

"ಮೊದಲಿಂದ ಕೊನೇವರೆಗೂ ಒಂದು ಸಲಾನೂ ಇಲ್ಲ. ನನಗೆ ಕೈಕಾಲೇ ಆಡ್ಲಿಲ್ಲ."

"ನಮ್ಮಣ್ಣ ಜೊತೇಲೇ ಕರ್ಕೊಂಡು ಹೋದ ಬಿಡಿ" ಎಂದಳು ನಾದಿನಿ. ನಗಲು ಹೋಗಿ ಬಿಕ್ಕಿದಳು.

ಹೆಂಡತಿ ಕೇಳಿದಳು: "ನಿನ್ನೆ ಬಂದಿತ್ತಾ?"

"ಇಂಟರ್ವಲ್‌ವರೆಗೂ ಬಿಟ್ಟೂ ಬಿಟ್ಟೂ ಬರ್ತಿತ್ತು. ಅಣ್ಣ ಬಿದ್ದ ಮೇಲೆ ಯಾರಿಗೆ ಜ್ಞಾಪಕ."

"ಮಗಳ ಹೆರಿಗೆಗೆ ಅಂತ ನಾನು ಊರಲ್ಲಿರ್ಲಿಲ್ವಲ್ಲ, ಆವಾಗ?"

"ಆವಾಗ ಸದ್ದೇ ಇರ್ಲಿಲ್ಲ. ಅಣ್ಣ ಎಲ್ಲರಿಗೂ ಸ್ವೀಟು ಹಂಚಿದ್ರು. ನೀವು ಬಂದ್ಮೇಲೆ ಮತ್ತೆ..." ಆಪರೇಟರ್ ಮಾತು ನಿಲ್ಲಿಸಿದ. ಅವಳು ನೋಡುತ್ತಿದ್ದ ಕಡೆಗೇ ಅವನ ಕಣ್ಣೂ ಹೋಯಿತು.

ಗೋಡೆಯ ಬದಿಯಲ್ಲಿ ಹೊಲಿಗೆ ಯಂತ್ರವಿತ್ತು.

*

ಟಾಕೀಸಿನ ಬಾಗಿಲ ಕೆಲಸಕ್ಕೆ ಹಾಕಿದ ಮೇಲೆ ಒಂದು ಮಧ್ಯಾಹ್ನ ಗಂಡ ಮನೆಗೆ ಬಂದಿದ್ದ. ಒಳಗೆ ಬರದೆ ಹೊಸ್ತಿಲಲ್ಲಿ ನಿಂತು ಅವಳು ಹೊಲಿಯುವುದನ್ನೇ ನೋಡುತ್ತಿದ್ದ. ಏನು, ಹೊಸದಾಗಿ ನೋಡೋ ಹಾಗೆ ನೋಡ್ತೀರಿ ಎಂದು ಅವಳು ತಮಾಷೆ ಮಾಡಿದ್ದಳು. ಅವನು ಸ್ಕ್ರೂಡ್ರೈವರ್ ತಂದು ಯಂತ್ರದ ಪಕ್ಕ ಕೂತು ಮೋಟಾರಿನ ಮುಚ್ಚಳ ಬಿಚ್ಚತೊಡಗಿದ. ಸಂಜೆಯೊಳಗೆ ಕೊಡಬೇಕಾದ ಬಟ್ಟೆಗಳು ರಾಶಿ ಬಿದ್ದಿದ್ದವು. ಅವಳಿಗೆ ರೇಗಿತು.

"ಟಾಕೀಸಿನ ಸದ್ದು ಹಿಡಿಯೋಕಾಗ್ಲಿಲ್ಲ, ಈಗ ನನ್ನ ಮಿಷನ್ನೂ ಹಾಳು ಮಾಡ್ಬೇಕಾ?"

ಅವನು ತಲೆ ಎತ್ತಲಿಲ್ಲ. ಬಿಚ್ಚಿದ ಸ್ಕ್ರೂಗಳನ್ನು ಹಾಗೆಯೇ ತಿರುಗಿಸಿ ಬಿಗಿದ. ಕೊನೆಯದನ್ನು ಬಿಗಿದು, ಬೆರಳಿನಿಂದ ಅಲ್ಲಾಡಿಸಿ ನೋಡಿ, ಎದ್ದು ಹೋದ. ಮತ್ತೆ ಯಾವತ್ತೂ ಯಂತ್ರ ಮುಟ್ಟಲಿಲ್ಲ.

*

"ಸೌಂಡ್ ಹಾಕಿ, ಹಿಂಬಾಗಿಲಲ್ಲಿ ನಿಂತ್ಕೊ" ಎಂದಳು ಅವಳು ಆಪರೇಟರಿಗೆ.

"ಅಮ್ಮಾ, ಇವತ್ತು ಬೇಡ" ಎಂದಳು ಮಗಳು.

"ಇವತ್ತೇ."

ಆಪರೇಟರ್ ಹೋದ. ಮನೆಯ ಕಿಟಕಿಯ ಎದುರಿಗೇ ಟಾಕೀಸಿನ ಹಿಂಬಾಗಿಲು. ಅದರಾಚೆ ಪರದೆ, ಸ್ಪೀಕರು. ಸಂಜೆಯ ಆಟಕ್ಕೆ ಇನ್ನೂ ಜನ ಬಂದಿರಲಿಲ್ಲ. ಅವನು ಬಾಗಿಲು ತೆರೆದು, ಕಿವಿ ಒಳಗಿಟ್ಟು, ಮುಖ ಇತ್ತ ಮಾಡಿ ನಿಂತ.

ಅವಳು ಪ್ಲಗ್ಗು ಚುಚ್ಚಿ ಕುರ್ಚಿಯಲ್ಲಿ ಕೂತು ಪೆಡಲು ಒತ್ತಿದಳು. ಅರ್ಧ ಉಳಿದಿದ್ದ ತೋಳು ಸರಿಯತೊಡಗಿತು. ಅವಳಿಗೆ ಕೇಳಿದ್ದು ತನ್ನ ಯಂತ್ರದ ಸದ್ದು ಮಾತ್ರ. ಕೇಳಿಸಿಕೊಳ್ಳೋಣವೆಂದು ಕಾಲು ತೆಗೆದರೆ ಎಲ್ಲ ಕಡೆ ನಿಶ್ಶಬ್ದ. ಇಷ್ಟು ವರ್ಷವೂ ಹೀಗೇ ಆಗಿತ್ತು.

ಅವಳು ಕಿಟಕಿಯತ್ತ ಕತ್ತೆತ್ತಿ ಮತ್ತೆ ಒತ್ತಿದಳು.

ಹಿಂಬಾಗಿಲಲ್ಲಿ ಆಪರೇಟರನ ಕೈ ಮೇಲೆದ್ದಿತು. ಕಾಲು ತೆಗೆದಳು. ಕೈ ಇಳಿಯಿತು. ಇನ್ನೊಮ್ಮೆ ಒತ್ತಿದಳು, ಕೈ ಎದ್ದಿತು. ಅವನು ಇನ್ನೊಂದು ಕೈಯಿಂದ ಕಣ್ಣು ಮುಚ್ಚಿಕೊಂಡಿದ್ದ.

"ಅಪ್ಪಂಗೆ ಗೊತ್ತಿತ್ತಾ, ಅಮ್ಮಾ?"

ಆ ಮಧ್ಯಾಹ್ನ ಅವನು ಅದಕ್ಕೇ ಮುಚ್ಚಳ ಬಿಚ್ಚಿದ್ದನೋ, ಬರೀ ಎಣ್ಣೆ ಬಿಡಲು ಬಿಚ್ಚಿದ್ದನೋ, ಹೇಳಲು ಈಗ ಯಾರೂ ಇಲ್ಲ. ತೋಳು ಹೊಲಿದು ಮುಗಿದು ಸೂಜಿ ಬರಿದೇ ಕುಟ್ಟುತ್ತಿತ್ತು. ಅವಳು ಕಾಲು ತೆಗೆಯಲಿಲ್ಲ. ಎದುರಿನ ಬಾಗಿಲಲ್ಲಿ ಕೈ ಎತ್ತಿದಂತೆಯೇ ಇತ್ತು.