ಹೊಸ್ತಿಲ ಮೇಲಿನ ಕರ್ಪೂರ

ಶೃಂಗೇರಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾನು ಎಲೆಕ್ಟ್ರಿಕ್ ಗಿಟಾರ್ ಮಾಡುತ್ತೇನೆ. ಅಂದು ಹಲಸಿನ ಮರದ ಬಾಡಿಯನ್ನು ಸ್ಯಾಂಡ್‌ಪೇಪರಿನಲ್ಲಿ ನುಣ್ಣಗೆ ಉಜ್ಜಿ, ಹೊಳಪಿನ ಲ್ಯಾಕರ್ ಹೊಡೆಯುವ ಮೊದಲು ಧೂಳು ಹೋಗಲೆಂದು ಥಿನ್ನರ್ ಹಾಕಿ ಒರೆಸುತ್ತಿದ್ದೆ. ಮೊಣಕೈ ತಾಗಿ ಡಬ್ಬಿ ಮಗುಚಿತು. ಥಿನ್ನರ್ ಇಳಿಜಾರು ನೆಲದ ಮೇಲೆ ಬಾಗಿಲವರೆಗೂ ಹರಿಯಿತು.

ಅದೇ ಹೊತ್ತಿಗೆ ಅಮ್ಮ ಆರತಿತಟ್ಟೆ ಹಿಡಿದು ಹೊಸ್ತಿಲಿಗೆ ಬಂದಳು. ಲ್ಯಾಕರ್ ಏರುವ ಮೊದಲು ಪ್ರತಿ ಹೊಸ ವಾದ್ಯಕ್ಕೂ ಆರತಿ ಎತ್ತದೆ ಅವಳು ಬಿಡುವವಳಲ್ಲ. ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು. ಸೀರೆಯ ಅಂಚು ಥಿನ್ನರಿನಲ್ಲಿ ನೆನೆಯುತ್ತಿತ್ತು.

“ಅಲ್ಲಾಡ್ಬೇಡ ಅಮ್ಮಾ! ಕಾಲಡಿ ಥಿನ್ನರ್ ಚೆಲ್ಲಿದೆ, ಕಿಡಿ ಬಿದ್ರೆ ಇಬ್ರೂ ಸುಟ್ಟುಹೋಗ್ತೀವಿ. ಊದಿ ಆರಿಸು!”

“ಆರತೀನ ಊದ್ತಾರೇನೇ ಭಾರ್ಗವಿ? ಎಂಜಲಾಗಲ್ವಾ?”

ಅಮ್ಮ ತಟ್ಟೆಯನ್ನು ಎದೆಯ ಹತ್ತಿರಕ್ಕೆ ಎಳೆದುಕೊಂಡಳು, ಅದು ವಾಲಿತು. ಉರಿಯುವ ಕರ್ಪೂರ ತಟ್ಟೆಯ ಅಂಚಿಗೆ ಜಾರಿತು.

ಹತ್ತಿರ ಹೋಗೋಣವೆಂದರೆ ನನ್ನ ಚೂಡಿದಾರವೂ ಥಿನ್ನರಿನಲ್ಲಿ ಒದ್ದೆ. ಇಂಥ ಹೊತ್ತಲ್ಲೂ ಮಡಿ ಮೈಲಿಗೆ ಹಿಡಿದು ನಿಂತವಳ ಮೇಲೆ ಸಿಟ್ಟು ಬಂತು.

ಅಮ್ಮ ಬಲಗೈಯನ್ನು ಉರಿಯ ಮೇಲಿಟ್ಟು ಗಟ್ಟಿಯಾಗಿ ಒತ್ತಿ ಹಿಡಿದಳು. ಬೆಂದ ಚರ್ಮದ ವಾಸನೆ ಥಿನ್ನರಿನ ಘಾಟನ್ನೂ ಮೀರಿ ಬಂತು.

“ಊದಲಿಲ್ಲ ನೋಡು,” ಎಂದಳು, ಕೈ ತೆಗೆಯದೆ.